ದುರಗಪ್ಪನ ಕಾಲು

ಸ್ವಾರ್ಥವನ್ನು ಗೆಲ್ಲಬೇಕೆಂದು ನದಿದಡದ ಆ ಕ್ರೈಸ್ತ ಆಶ್ರಮಕ್ಕೆ ವರ್ಷಕ್ಕೆ ಮೂರು ನಾಲ್ಕು ಜನ ಬರುತ್ತಿದ್ದರು. ಹೆಚ್ಚಿನವರು ಊಟ ಸರಿಯಿಲ್ಲವೆಂದು ಗೆಲ್ಲುವ ಮೊದಲೇ ಹೊರಟುಬಿಡುತ್ತಿದ್ದರು.

ಎಲೀಷ ಹೊರಡಲಿಲ್ಲ. ಬಿ.ಎ. ಮುಗಿಸಿ ಹಿಡಿದಿದ್ದ ಕೆಲಸ ಬಿಟ್ಟು ಬಂದಿದ್ದ. ನಿಶ್ಚಯವಾಗಿದ್ದ ಮದುವೆಯನ್ನೂ ಬಿಟ್ಟಿದ್ದ. ಆ ಹುಡುಗಿಗೆ ಏನನ್ನಿಸಿತೆಂದು ಯಾರೂ ಕೇಳಿರಲಿಲ್ಲ. ಇಷ್ಟೆಲ್ಲ ಬಿಟ್ಟ ಮೇಲೂ ಒಳಗಿನ 'ನಾನು' ಮಾತ್ರ ಕದಲುತ್ತಿಲ್ಲ ಎಂಬುದೇ ಅವನ ಸಂಕಟ.

"ಅಯ್ಯನವರೇ, ಇದನ್ನು ಸಾಯಿಸುವುದು ಹೇಗೆ?" ಎಂದು ಗುರುಗಳಾದ ಯಾಕೋಬಯ್ಯನವರನ್ನು ಕೇಳಿದ.

"ನೀರು ಕಾಯಿಸು."

"ಆಮೇಲೆ?"

"ಆರುವ ಮೊದಲು ಹಿಂದಿನ ಕೋಣೆಗೆ ತಗೊಂಡು ಹೋಗು."

ಆಶ್ರಮದ ಹಿಂದಿನ ಕೋಣೆಯಲ್ಲಿ ದುರಗಪ್ಪ ಇದ್ದ. ಒಂದು ಕಾಲದಲ್ಲಿ ಹರಿಗೋಲು ಹಾಕಿ ಜನರನ್ನು ಹೊಳೆ ದಾಟಿಸುತ್ತಿದ್ದವನು. ಈಗ ಸಕ್ಕರೆ ಕಾಯಿಲೆ, ಎಡಗಾಲಿನಲ್ಲಿ ಅಂಗೈ ಅಗಲದ ಹುಣ್ಣು. ದಿನಾ ತೊಳೆದು ಬಟ್ಟೆ ಕಟ್ಟಿದರೆ ಕಾಲು ಉಳಿದೀತು, ಇಲ್ಲವಾದರೆ ಕತ್ತರಿಸಬೇಕು ಎಂದು ಡಾಕ್ಟರು ಹೇಳಿದ್ದರು.

ಮೊದಲ ದಿನ ಎಲೀಷ ಹೊರಗೆ ಓಡಿಹೋಗಿ ವಾಂತಿ ಮಾಡಿದ.

"ಹೊಸಬರು ಹರಿಗೋಲಿನಾಗೂ ಹಂಗ ಮಾಡ್ತಿದ್ರು, ತಮ್ಮಾ," ಅಂದ ದುರಗಪ್ಪ. "ದಂಡಿ ಮುಟ್ಟಿದ ಮ್ಯಾಲೆ ಸರಿಹೋಗತೈತಿ."

ತೊಳೆಯುವಷ್ಟು ಹೊತ್ತೂ ಮುದುಕ ಮಾತಾಡುತ್ತಿದ್ದ. ಯಾರಿಗೂ ಬೇಡವಾದ ಮಾತು.

"ನಿಮ್ಮ ಯೇಸುಸ್ವಾಮಿ ನೀರಿನ ಮ್ಯಾಲೆ ನಡದನಂತಲ್ಲ, ಖರೇನ?"

"ಖರೇ, ಅಜ್ಜ."

"ದೊಡ್ಡಾವ ಬಿಡು. ಆದ್ರ ಎಲ್ಲಾರೂ ಹಂಗ ನಡದ್ರ ನಮ್ಮಂಥಾ ಅಂಬಿಗರ ಹೊಟ್ಟಿ ಗತಿ ಏನು? ಆತ ಅದನ್ನ ವಿಚಾರ ಮಾಡಲಿಲ್ಲ."

ಎಲೀಷ ನಗಲಿಲ್ಲ. ನಾಲ್ಕನೇ ವಾರ ಅದೇ ಮಾತಿಗೆ ನಕ್ಕ. ಆ ಹೊತ್ತಿಗೆ ಹುಣ್ಣು ಬೆರಳಗಲ ಕುಗ್ಗಿತ್ತು. ಅಸಹ್ಯ ಪೂರ್ತಿ ಹೋಗಿತ್ತು.

ಓಡಿಬಂದು ಗುರುಗಳಿಗೆ ಹೇಳಿದ. "ಅಯ್ಯನವರೇ, ನನಗೀಗ ಏನೂ ಅನ್ನಿಸುವುದಿಲ್ಲ. ಗೆದ್ದೆ ಅನ್ನಿಸುತ್ತದೆ."

"ದುರಗಪ್ಪನಿಗೆ ನೋವು ಹೇಗಿದೆ?"

ಎಲೀಷ ಅದನ್ನು ಕೇಳಿರಲಿಲ್ಲ.

ಭಾನುವಾರ ಆರಾಧನೆಯ ಕೊನೆಗೆ ಸಾಕ್ಷಿ ಹೇಳುವುದು ಅಲ್ಲಿನ ರೂಢಿ. ದೇವರು ಈ ವಾರ ತನ್ನಲ್ಲಿ ಏನು ಮಾಡಿದನೆಂದು ಒಬ್ಬೊಬ್ಬರೂ ಎದ್ದು ಹೇಳುತ್ತಾರೆ. ಸಾಮಾನ್ಯವಾಗಿ ಜ್ವರ ಬಿಟ್ಟದ್ದು, ಕಳೆದ ಎಮ್ಮೆ ಸಿಕ್ಕಿದ್ದು.

ಎಲೀಷ ಎದ್ದ. ಹುಣ್ಣಿನ ಬಣ್ಣ ಹೇಳಿದ. ಕೀವಿನ ವಾಸನೆ ಹೇಳಿದ. ಒಮ್ಮೆ ಬಟ್ಟೆ ಬಿಚ್ಚಿದಾಗ ಮೂರು ಹುಳ ಬಿದ್ದದ್ದು, ತಾನು ದಿನಾ ಉಸಿರು ಬಿಗಿಹಿಡಿದು ಮನಸ್ಸಿನಲ್ಲೇ ಕರ್ತನನ್ನು ಕೂಗಿಕೊಂಡದ್ದು, ಕರ್ತನು ತನ್ನ ಸ್ವಾರ್ಥವನ್ನು ಆ ಕಾಲಿನ ಬಳಿಯಲ್ಲೇ ಮುರಿದದ್ದು, ಎಲ್ಲ ಹೇಳಿದ. ಚೆನ್ನಾಗಿ ಹೇಳಿದ. ಕಾಲೇಜಿನಲ್ಲಿ ಭಾಷಣಕ್ಕೆ ಬಹುಮಾನ ತೆಗೆದುಕೊಂಡವನು.

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಆಮೆನ್" ಎಂದು ಸಭೆ ಗುಡುಗಿತು. ಅದರಲ್ಲಿ ಯಾಕೋಬಯ್ಯನವರ ದನಿಯೂ ಇತ್ತು.

ಆಮೇಲೆ ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿ ನೋಡಿದರು. ಬಾಗಿಲ ಹತ್ತಿರ ಚಾಪೆಯ ಮೇಲೆ, ಹಾಡು ಕೇಳಲೆಂದು ಪ್ರತಿ ವಾರ ತೆವಳಿಕೊಂಡು ಬರುವ ದುರಗಪ್ಪ ಕೂತಿದ್ದ. ಧೋತರವನ್ನು ಎಳೆದು ಕಾಲಿನ ಮೇಲೆ ಹಾಕಿಕೊಳ್ಳುತ್ತಿದ್ದ.

ಮರುದಿನ ಬೆಳಗ್ಗೆ ಎಲೀಷ ಬಿಸಿನೀರು ಹಿಡಿದು ಹೋದಾಗ ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು.

"ಅಜ್ಜ, ನೀರು ಆರುತ್ತದೆ."

"ಆರಲಿ ತಮ್ಮಾ."

"ತೆಗಿ ಅಜ್ಜ. ತೊಳೆಯದಿದ್ದರೆ ಕಾಲು ಹೋಗುತ್ತದೆ."

"ನೀ ದಿನಾ ಉಸಿರು ಹಿಡಕೊಂಡು ತೊಳೀತಿದ್ದಿ ಅನ್ನೋದು ನನಗ ಗೊತ್ತಿರಲಿಲ್ಲಪ್ಪ," ಅಂದ ಮುದುಕ ಒಳಗಿನಿಂದ. "ನಾ ನಿನ್ನ ಜೋಡಿ ಮಾತಾಡಕೋಂತ ಕುಂತಿದ್ದೆ. ಇನ್ನ ಯಾರೂ ಮುಟ್ಟೂದು ಬ್ಯಾಡ."

ಎಲೀಷ ಗುರುಗಳ ಬಳಿ ಹೋದ. "ಮುದುಕ ಹಟ ಹಿಡಿದಿದ್ದಾನೆ."

ಯಾಕೋಬಯ್ಯನವರು ತಾವೇ ನೀರು ಕಾಯಿಸಿ ತಂದರು. ಹೊಸ್ತಿಲಲ್ಲಿ ಕೂತರು.

"ದುರಗಪ್ಪ, ನಾನು."

"ನೀವೂ ಆಮೆನ್ ಅಂದ್ರಿ, ಅಯ್ಯಾರ. ಕೇಳಿಸ್ತು."

"ಹೌದು. ಅಂದೆ."

ಮಧ್ಯಾಹ್ನದವರೆಗೆ ಕೂತಿದ್ದರು. ಮರುದಿನವೂ ಕೂತರು. ಕಥೆಗಳಲ್ಲಿ ಇಂಥ ಕಡೆ ಬಾಗಿಲು ತೆರೆದುಕೊಳ್ಳುತ್ತದೆ. ಇದು ತೆರೆಯಲಿಲ್ಲ.

ಐದನೇ ದಿನ ಒಳಗಿನಿಂದ ಉತ್ತರ ಬರಲಿಲ್ಲ. ಬಾಗಿಲು ಒಡೆದರು. ಜ್ವರದಲ್ಲಿ ಬಡಬಡಿಸುತ್ತಿದ್ದ ಮುದುಕನನ್ನು ಟೆಂಪೋದಲ್ಲಿ ಹಾಕಿಕೊಂಡು ಹೋದರು. ಆಸ್ಪತ್ರೆಯಲ್ಲಿ ಮೊಣಕಾಲಿನ ಮೇಲಿನಿಂದ ಕತ್ತರಿಸಿದರು.

ಎಲೀಷ ಮೋಸಂಬಿ ಹಿಡಿದು ನೋಡಲು ಹೋದ. ಮಂಚದ ಪಕ್ಕ ಮೊಣಕಾಲೂರಿದ.

"ತಪ್ಪಾಯಿತು ಅಜ್ಜ."

ದುರಗಪ್ಪ ಹೊದಿಕೆಯನ್ನು ಎಳೆದು ಸರಿಮಾಡಿಕೊಂಡ.

"ಏಳು ತಮ್ಮಾ, ಮಂದಿ ನೋಡ್ತಾರ," ಅಂದ. "ಆತು ಬಿಡು. ಇನ್ನ ನಿನಗ ತೊಳಿಯೂದು ಇಲ್ಲ, ನನಗ ನಾರೂದು ಇಲ್ಲ."

ಹಣ್ಣನ್ನು ಪಕ್ಕದ ಮಂಚದವನಿಗೆ ಕೊಡಲು ಹೇಳಿದ. ಆಶ್ರಮಕ್ಕೆ ಮರಳಿ ಬರಲಿಲ್ಲ. ತಂಗಿಯ ಮಗ ಬಂದು ಕರೆದುಕೊಂಡು ಹೋದ.

ಎಲೀಷ ಒಂಬತ್ತು ದಿನ ಸರಿಯಾಗಿ ಉಣ್ಣಲಿಲ್ಲ. ಹತ್ತನೇ ದಿನ ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಗುರುಗಳನ್ನು ಹುಡುಕಿಕೊಂಡು ಬಂದ. ಅವನ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಕಳೆ ಇತ್ತು.

"ಅಯ್ಯನವರೇ, ನನಗೆ ಈಗ ಅರ್ಥವಾಯಿತು. ನಾನು ಅವನನ್ನು ತೊಳೆಯುತ್ತಲೇ ಇರಲಿಲ್ಲ, ನನ್ನನ್ನೇ ತೊಳೆದುಕೊಳ್ಳುತ್ತಿದ್ದೆ. ಅದೂ ಸ್ವಾರ್ಥವೇ."

ಯಾಕೋಬಯ್ಯನವರು ಅಂಗಿಯನ್ನು ಕಲ್ಲಿಗೆ ಬಡಿದರು.

"ಈ ಭಾನುವಾರ ಎದ್ದು ನಿಂತು ಎಲ್ಲ ಒಪ್ಪಿಕೊಳ್ಳುತ್ತೇನೆ. ಬಾಗಿಲು ಹಾಕಿದ್ದು, ಆಪರೇಷನ್ನು, ಒಂದನ್ನೂ ಮುಚ್ಚಿಡುವುದಿಲ್ಲ. ಎಷ್ಟೇ ಅವಮಾನವಾಗಲಿ. ಕೇಳಿದವರು ಯಾರೂ ಮರೆಯಬಾರದು, ಹಾಗೆ ಹೇಳುತ್ತೇನೆ."

ಗುರುಗಳು ಅಂಗಿ ಹಿಂಡಿದರು. ಇನ್ನೊಮ್ಮೆ ಹಿಂಡಿದರು. ನೀರು ಬರಲಿಲ್ಲ.

"ಆ ಸಾಕ್ಷಿಗೂ ಅವನ ಕಾಲೇ ಬೇಕೇನಪ್ಪ?"