ಹದ ನೋಡುವ ಕೈ

ಹಾಸಿಗೆ ಹಿಡಿದ ಹಿರಿಯ ಸ್ವಾಮಿಗಳ ಸೇವೆಗೆ ನಿಂತು ಆರು ವರ್ಷವಾಗಿದ್ದ ಶಿಷ್ಯನೊಬ್ಬ ಒಂದು ಮಧ್ಯಾಹ್ನ ಗುರುವಿನ ಬಳಿ ಬಂದು ಕೇಳಿದ:

“ಬುದ್ಧಿ, ಮೊದಮೊದಲು ಅವರ ಕಾಲು ತೊಳೆಯುವಾಗ ಕಣ್ಣು ತುಂಬುತ್ತಿತ್ತು. ಈಗ ಏನೂ ಆಗುವುದಿಲ್ಲ. ಮೈ ಒರೆಸುತ್ತೇನೆ, ಬಟ್ಟೆ ಬದಲಿಸುತ್ತೇನೆ, ಗಂಜಿ ಕುಡಿಸುತ್ತೇನೆ. ಕೈ ಮಾಡುತ್ತದೆ, ಮನಸ್ಸು ಸತ್ತಿದೆ. ಇದು ಸೇವೆಯೇ? ಬೇರೆಯವರಿಗೆ ಒಪ್ಪಿಸಿ ಹೊರಟುಬಿಡಲೇ?”

ಗುರು ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಆಲೆಮನೆಯಲ್ಲಿ ಬೆಲ್ಲದ ಹದ ನೋಡುವವನೊಬ್ಬನಿದ್ದ. ಪಾಕ ಒಂದು ಗಳಿಗೆ ಹೆಚ್ಚು ಕುದಿದರೆ ಸೀಯುತ್ತದೆ, ಕಡಿಮೆಯಾದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಉಳಿದವರು ಪಾಕವನ್ನು ತಣ್ಣೀರಿಗೆ ಬಿಟ್ಟು ಹದ ನೋಡುತ್ತಿದ್ದರು. ಇವನು ಬೆರಳು ಒದ್ದೆ ಮಾಡಿಕೊಂಡು ಸೌಟಿನಿಂದಲೇ ಚಿಟಿಕೆ ತೆಗೆದು, ಒಂದು ಸುತ್ತು ಉರುಳಿಸಿ, “ಕೊಪ್ಪರಿಗೆ ಇಳಿಸಿ” ಎನ್ನುತ್ತಿದ್ದ. ಅವನ ಮಾತು ಒಮ್ಮೆಯೂ ತಪ್ಪಿರಲಿಲ್ಲ.

ಒಂದು ದಿನ ಗಾಣಕ್ಕೆ ಕಬ್ಬು ಕೊಡುವಾಗ ಅವನ ಬಲಗೈ ಉರುಳೆಗೆ ಸಿಕ್ಕಿತು. ಹೆಬ್ಬೆರಳು, ತೋರುಬೆರಳುಗಳ ಚರ್ಮ ಸುಲಿದು ಎಲುಬು ಕಂಡಿತು.

ಪಟ್ಟಣದ ಡಾಕ್ಟರು ಬೆರಳು ಕತ್ತರಿಸಲಿಲ್ಲ. ಕಿಬ್ಬೊಟ್ಟೆಯ ಚರ್ಮವನ್ನು ಪಟ್ಟಿಯಂತೆ ಎಬ್ಬಿಸಿ, ಒಂದು ತುದಿ ಹೊಟ್ಟೆಯಲ್ಲೇ ಇರುವಂತೆ ಬಿಟ್ಟು, ಉಳಿದದ್ದನ್ನು ಎರಡೂ ಬೆರಳುಗಳಿಗೆ ಒಟ್ಟಿಗೆ ಸುತ್ತಿ ಹೊಲಿದರು. ಹೊಲಿಗೆ ಕೂಡಿ ಕೈಯ ರಕ್ತ ಹರಿಯುವವರೆಗೆ ಆ ಚರ್ಮ ಹೊಟ್ಟೆಯ ರಕ್ತದಲ್ಲಿ ಬದುಕಬೇಕು. ಮೂರು ವಾರ ಅವನ ಕೈ ಅವನ ಹೊಟ್ಟೆಗೇ ಅಂಟಿಕೊಂಡಿತ್ತು. ಮಗ್ಗುಲಾಗುವಂತಿಲ್ಲ, ಜೋರಾಗಿ ಕೆಮ್ಮುವಂತಿಲ್ಲ. ಹೆಂಡತಿ ತುತ್ತಿಡುತ್ತಿದ್ದಳು. ಇಪ್ಪತ್ತೆರಡನೆಯ ದಿನ ಡಾಕ್ಟರು ಹೊಟ್ಟೆಯ ತುದಿಯನ್ನು ಕತ್ತರಿಸಿದರು. ಕೆಲವು ತಿಂಗಳ ಮೇಲೆ ಎರಡು ಬೆರಳನ್ನೂ ಬೇರೆ ಮಾಡಿದರು. ಕೈ ಉಳಿಯಿತು.

ಅವನು ಆಲೆಮನೆಗೆ ಬಂದ. ಹೊಟ್ಟೆಯ ಚರ್ಮವಲ್ಲವೇ, ಇನ್ನು ಇವನ ಬೆರಳು ಹದ ನೋಡುವುದಿಲ್ಲ, ಬೆಲ್ಲವನ್ನೇ ತಿಂದುಬಿಡುತ್ತದೆ ಎಂದು ಜೊತೆಯವರು ನಕ್ಕರು. ಅವನೂ ನಕ್ಕು, ಹಳೆಯ ರೂಢಿಯಲ್ಲಿ ಬೆರಳು ಒದ್ದೆ ಮಾಡಿಕೊಂಡು ಸೌಟಿಗೆ ಹಾಕಿದ. ಉರುಳಿಸಿದ. ಏನೂ ತಿಳಿಯಲಿಲ್ಲ. ಇನ್ನೂ ಉರುಳಿಸಿದ. ಸುಟ್ಟ ವಾಸನೆ ಬಂದ ಮೇಲೆ ಬೆರಳು ನೋಡಿಕೊಂಡ; ಚರ್ಮ ಬೆಂದಿತ್ತು.

ಮಾರನೆಯ ದಿನ ಡಾಕ್ಟರ ಮುಂದೆ ಕೂತು ಕೈ ಚಾಚಿದ.

“ಇದು ನನ್ನದಲ್ಲ ಸ್ವಾಮಿ. ಹೆಣದ ತೊಗಲು ಅಂಟಿಸಿಕೊಂಡ ಹಾಗಿದೆ. ಇದನ್ನು ತೆಗೆದುಬಿಡಿ.”

“ತೆಗೆದರೆ ಕೆಳಗೆ ಎಲುಬಿದೆ,” ಎಂದರು ಡಾಕ್ಟರು. ಅಂದು ರೋಗಿಗಳ ನಡುವೆ ಅವರು ಬೆಳಗಿನಿಂದ ಕೂತಿರಲಿಲ್ಲ. “ಸ್ಪರ್ಶ ಬಂದರೆ ಬಂತು, ಬರದಿದ್ದರೆ ಇಲ್ಲ. ಅದು ನನ್ನ ಕೈಲಿಲ್ಲ. ಅಲ್ಲಿಯವರೆಗೆ ಕಣ್ಣಿದೆ, ಎಡಗೈ ಇದೆ. ಮೊದಲು ಅವನ್ನು ಕೇಳು. ಆಮೇಲೆ ಈ ಕೈ ಹಾಕು.”

ಗಾಯ ಮಾಗಿದ ಮೇಲೆ ಅವನು ಮತ್ತೆ ಕೊಪ್ಪರಿಗೆಯ ಮುಂದೆ ನಿಂತ. ಪಾಕವನ್ನು ತಣ್ಣೀರಿಗೆ ಬಿಟ್ಟ. ಬಣ್ಣ ನೋಡಿದ. ಎಡಗೈಯ ಬೆರಳಿನಿಂದ ಮುಟ್ಟಿದ. ಆಮೇಲೆ ಬಲಗೈಯಲ್ಲಿ ಎತ್ತಿ ಉರುಳಿಸಿ, ಉಂಡೆ ನಿಲ್ಲುತ್ತದೆಯೇ ಎಂದು ಕಣ್ಣಿಟ್ಟು ನೋಡಿದ. ಒಂದೊಂದು ಕೊಪ್ಪರಿಗೆಗೂ ಹೀಗೆಯೇ. ಬೇಸರದ ಕೆಲಸ. ಮೊದಲಿನ ಬೆರಳಿಗೆ ಇದರ ಕಾಲು ಭಾಗ ಹೊತ್ತೂ ಬೇಕಿರಲಿಲ್ಲ. ಇಪ್ಪತ್ತು ವರ್ಷ ಮಾಡಿದ. ಬೆಲ್ಲ ಸೀಯಲಿಲ್ಲ, ಕೈಯೂ ಸುಡಲಿಲ್ಲ.

ಗುರು ಅಲ್ಲಿಗೆ ನಿಲ್ಲಿಸಿದರು.

“ಸ್ಪರ್ಶ ತಿರುಗಿ ಬಂತೇ, ಬುದ್ಧಿ?” ಎಂದ ಶಿಷ್ಯ.

“ಅಂಚಿನಲ್ಲಿ ಸ್ವಲ್ಪ ಬಂತಂತೆ.”

ಶಿಷ್ಯ ತನ್ನ ಕೈಗಳನ್ನು ನೋಡಿಕೊಂಡ. ಗುರು ಗೋಡೆ ಹಿಡಿದು ಮೆಲ್ಲಗೆ ಎದ್ದರು.

“ಇವತ್ತು ಬೆಳಿಗ್ಗೆ ಗಂಜಿ ಕುಡಿಸುವ ಮೊದಲು, ಬಿಸಿ ಎಷ್ಟಿದೆ ಎಂದು ಮುಟ್ಟಿ ನೋಡಿದೆಯಾ?”

“ಇಲ್ಲ, ಬುದ್ಧಿ,” ಎಂದ ಶಿಷ್ಯ ಎದ್ದು ಹಿರಿಯ ಸ್ವಾಮಿಗಳ ಕೋಣೆಯ ಕಡೆ ನಡೆದ.