ಮೂರು ಬಾಯಿಯ ಸತ್ಯ

ಕೂತಿರಾ ಎಲ್ಲರೂ? ಆ ಮೂಲೆಯಲ್ಲಿರುವ ಮಹಾನುಭಾವರು ಫೋನು ಕೆಳಗಿಟ್ಟರೆ ಕಥೆ ಶುರು ಮಾಡುತ್ತೇನೆ. ಹಾಂ, ಈಗ ಸರಿ.

ಹಿರಿಕೆರೆ ಅಂತ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೊಬ್ಬ ರಾಜನಿದ್ದ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬಹಳ ಉದ್ದ. ಪ್ರಜೆಗಳು ಇಟ್ಟ ಹೆಸರು ಮೆತ್ತೆ ಮಹಾರಾಜ. ಸಿಂಹಾಸನದ ಮೆತ್ತೆಯ ಮೇಲೆ ಕೂತವನು ಎದ್ದದ್ದನ್ನು ಕಂಡವರೇ ಇರಲಿಲ್ಲ. ಊಟ ಅಲ್ಲೇ, ನಿದ್ದೆ ಅಲ್ಲೇ, ನ್ಯಾಯ ತೀರ್ಮಾನವೂ ಅಲ್ಲೇ.

ಕೂತಲ್ಲೇ ನ್ಯಾಯ ಹೇಳುವುದು ಹೇಗೆ ಅಂತೀರಾ? ಅದಕ್ಕೆ ಅವನ ತಾತ ಒಂದು ಕಾನೂನು ಮಾಡಿಟ್ಟಿದ್ದ. ಒಂದು ಬಾಯಿ ಹೇಳಿದರೆ ಹರಟೆ. ಎರಡು ಬಾಯಿ ಹೇಳಿದರೆ ಗಾಳಿಮಾತು. ಮೂರು ಬಾಯಿ ಹೇಳಿದರೆ ಸತ್ಯ. ಎಂಥ ಸುಖದ ಕಾನೂನು ನೋಡಿ! ಹೋಗಬೇಕಾಗಿಲ್ಲ, ನೋಡಬೇಕಾಗಿಲ್ಲ, ಬೆರಳು ಮಡಿಚಲು ಬಂದರೆ ಸಾಕು.

ಆ ಮೂರು ಬಾಯಿಗಳನ್ನು ಹುಡುಕಿ ತರುವ ಕೆಲಸ ಮಂತ್ರಿಗಳದ್ದಲ್ಲ. ಪಾಪ, ಅವರಿಗೆ ಮಂಡಿನೋವು. ಅದನ್ನು ಕೂಲಿಮಠದ ದೊಡ್ಡ ಮಕ್ಕಳಿಗೆ ಪರೀಕ್ಷೆ ಅಂತ ಕೊಟ್ಟಿದ್ದರು. ಅರಮನೆಯಿಂದ ಪ್ರಶ್ನೆ ಬರುತ್ತಿತ್ತು. ಮಕ್ಕಳು ಊರಲ್ಲಿ ವಿಚಾರಿಸಿ, ಮೂರು ಬಾಯಿ ಏನು ಹೇಳಿದವು ಅಂತ ಬಂದು ಒಪ್ಪಿಸಬೇಕು. ಮೂರು ಸಿಕ್ಕರೆ ಪಾಸು. ಪಾಠ ಕಲಿಸುವ ಐಗಳಿಗೂ ಸುಖ, ಕಲಿಯುವ ಮಕ್ಕಳಿಗೂ ಸುಖ.

ಹೀಗಿರುವಾಗ ಒಂದು ವರ್ಷ ಊರ ಕೆರೆಯ ನೀರು ಕೆಟ್ಟಿತು. ಮೀನು ಸತ್ತು ತೇಲಿದವು. ದನಗಳು ಮೂಸಿ ನೋಡಿ ತಿರುಗಿ ಬಂದವು. ಮಕ್ಕಳು ಹೊಟ್ಟೆ ಹಿಡಿದುಕೊಂಡು ಮಲಗಿದವು. ಅರಮನೆಯಿಂದ ಪ್ರಶ್ನೆ ಬಂತು: "ಕೆರೆ ಕೆಡಿಸಿದವರು ಯಾರು? ಅವರಿಗೆ ಗಡಿಪಾರು."

ಆ ಊರಲ್ಲಿ ಸುದ್ದಿ ಪಾಪಯ್ಯ ಅಂತ ಒಬ್ಬನಿದ್ದ. ಅರಳಿಕಟ್ಟೆಯ ಮೇಲೆ ಕೂತು ಬೆಳಗಿನಿಂದ ಬೈಗಿನ ತನಕ ಸುದ್ದಿ ಹಂಚುತ್ತಿದ್ದ. ಅದೂ ಪುಕ್ಕಟೆ. ಕೇಳಿದವರ ಕೈಗೆ ಒಂದು ಅಚ್ಚು ಬೆಲ್ಲ ಬೇರೆ. ಸುದ್ದಿಯೂ ಸಿಹಿ, ಬಾಯಿಯೂ ಸಿಹಿ. ಇಷ್ಟು ಒಳ್ಳೆಯ ಮನುಷ್ಯ ಸುಳ್ಳು ಹೇಳುತ್ತಾನೆಯೇ? ಛೆ ಛೆ!

ಪಾಪಯ್ಯ ಹೇಳಿದ: "ಕೆರೆ ಏರಿ ಹಿಂದೆ ಇದ್ದಾಳಲ್ಲ ಬೇರಜ್ಜಿ, ಅವಳು ವಿಷದ ಬೇರು ತೊಳೆದು ನೀರು ಕೆಡಿಸಿದ್ದಾಳೆ."

ಬೇರಜ್ಜಿ ಅಂದರೆ ಗುಡಿಸಲಲ್ಲಿ ಒಂಟಿಯಾಗಿ ಇದ್ದ ಮುದುಕಿ. ಬೇರು ನಾರು ಕುಟ್ಟಿ ಕಷಾಯ ಕೊಡುವವಳು. ಊರಿನ ಅರ್ಧ ಮಕ್ಕಳ ಜ್ವರ ಇಳಿಸಿದ ಕೈ ಅದು. ಅದನ್ನೆಲ್ಲ ಮರೆಯಲು ಊರಿಗೆ ಒಂದು ಅಚ್ಚು ಬೆಲ್ಲ ಸಾಕಾಯಿತು.

ಮಕ್ಕಳೆಲ್ಲ ಮಧ್ಯಾಹ್ನದೊಳಗೆ ಮೂರು ಬಾಯಿ ಮುಗಿಸಿ ಲಗೋರಿ ಆಡಲು ಹೋದರು. ದ್ಯಾವಿ ಅನ್ನುವ ಹುಡುಗಿಗೂ ಮೂರು ಬಾಯಿ ಸಿಕ್ಕಿದ್ದವು. ಆದರೆ ಅವಳು ಲಗೋರಿಗೆ ಹೋಗಲಿಲ್ಲ. ಹೋದ ಮಳೆಗಾಲದಲ್ಲಿ ಅವಳ ತಮ್ಮ ಜ್ವರದಲ್ಲಿ ಬಡಬಡಿಸುತ್ತಿದ್ದಾಗ ತಲೆದೆಸೆಯಲ್ಲಿ ಕೂತಿದ್ದವಳು ಬೇರಜ್ಜಿ. ಆ ಅಜ್ಜಿಯನ್ನು ಗಡಿ ದಾಟಿಸುತ್ತಾರೆ ಅಂದರೆ ಹುಡುಗಿಗೆ ಆಟ ಸೇರುತ್ತದೆಯೇ? ಅವಳು ಅದೇ ಮೂವರ ಹತ್ತಿರ ಇನ್ನೊಮ್ಮೆ ಹೋದಳು.

ಮೊದಲು ಡಂಗುರದ ಮುನಿಯನ ಹತ್ತಿರ ಹೋದಳು. "ಮುನಿಯಣ್ಣ, ಬೇರಜ್ಜಿ ವಿಷ ತೊಳೆದದ್ದು ನೀನು ನೋಡಿದೆಯಾ?"

"ನಾನ್ಯಾಕವ್ವಾ ನೋಡ್ಲಿ? ನಂದು ಸಾರೋ ಕೆಲಸ. ನೋಡೋಕೆ ನಂಗೆ ಸಂಬಳ ಕೊಡಲ್ಲ."

"ಮತ್ತೆ ಯಾರು ಹೇಳಿದರು?"

"ಇನ್ಯಾರು, ಪಾಪಯ್ಯನೋರು."

ಆಮೇಲೆ ಆಸ್ಥಾನದ ಪಂಡಿತರ ಹತ್ತಿರ ಹೋದಳು. "ಪಂಡಿತರೇ, ತಾವು ನೋಡಿದಿರಾ?"

"ಮಗು, ನೋಡುವುದು ಪಾಮರರ ಕೆಲಸ. ನಾನು ಇದರ ಮೇಲೆ ಒಂದು ಶ್ಲೋಕವನ್ನೇ ಮಾಡಿದ್ದೇನೆ. ಶ್ಲೋಕದಲ್ಲಿ ಬಂದ ಮೇಲೆ ಸುಳ್ಳಾಗುವುದುಂಟೆ?"

"ತಮಗೆ ಯಾರು ಹೇಳಿದರು?"

"ಪಾಪಯ್ಯನವರು. ಬೆಲ್ಲ ಬಹಳ ಚೆನ್ನಾಗಿತ್ತು."

ಕೊನೆಗೆ ದಳವಾಯಿಗಳ ಹೆಂಡತಿ ಕಮಲಾಜಮ್ಮನ ಹತ್ತಿರ ಹೋದಳು. "ಅಮ್ಮಾವ್ರೇ, ನೀವು ನೋಡಿದಿರಾ?"

"ನೋಡೋದೇನು ಬಂತು? ಊರೆಲ್ಲಾ ಹೇಳ್ತಿದೆ!"

"ಊರೆಲ್ಲಾ ಅಂದರೆ ಯಾರು, ಅಮ್ಮಾವ್ರೇ?"

ಕಮಲಾಜಮ್ಮ ಸ್ವಲ್ಪ ಯೋಚಿಸಿದರು. "ಊರೆಲ್ಲಾ ಅಂದ್ರೆ... ಆ ಡಂಗುರದೋನು. ಆಮೇಲೆ ನಮ್ಮ ಪಂಡಿತರು. ಸಾಲದಾ?"

ದ್ಯಾವಿ ಲೆಕ್ಕ ಹಾಕಿದಳು. ಬಾಯಿ ಮೂರು, ಮಾತು ಒಬ್ಬನದು. ಸರಿ, ಕಂಡವರು ಒಬ್ಬರೂ ಇಲ್ಲವಾದರೆ ತಾನೇ ನೋಡಿಬಿಡೋಣ ಅಂತ ಕೆರೆಗೆ ನೀರು ತರುವ ಕಾಲುವೆಯ ದಂಡೆ ಹಿಡಿದು ಮೇಲಕ್ಕೆ ನಡೆದಳು. ಮುಳ್ಳು ತುಳಿದಳು, ಕೆಸರು ತುಳಿದಳು. ನಡೆದಷ್ಟೂ ಹುಳಿ ವಾಸನೆ ಹೆಚ್ಚಾಯಿತು. ಕಾಲುವೆಯ ತಲೆಯಲ್ಲಿ ಏನಿತ್ತು ಗೊತ್ತೇ? ಆಲೆಮನೆ. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುತ್ತಿದ್ದರು. ಕೊಪ್ಪರಿಗೆ ತೊಳೆದ ನೀರು, ಕೊಳೆತ ಮಡ್ಡಿ, ಎಲ್ಲವನ್ನೂ ನೇರ ಕಾಲುವೆಗೇ ಬಿಟ್ಟಿದ್ದರು. ಆಲೆಮನೆ ಯಾರದು? ನೀವೇ ಹೇಳಿ ನೋಡೋಣ. ಹೌದು, ನಮ್ಮ ಪುಕ್ಕಟೆ ಬೆಲ್ಲದ ಪಾಪಯ್ಯನದೇ.

ದ್ಯಾವಿ ಒಂದೇ ಉಸಿರಿಗೆ ಅರಮನೆಗೆ ಓಡಿದಳು. "ಮಹಾಸ್ವಾಮಿ, ಕೆರೆ ಕೆಡಿಸಿದ್ದು ಪಾಪಯ್ಯನ ಆಲೆಮನೆ! ನಾನು ಕಣ್ಣಾರೆ ಕಂಡೆ!"

ರಾಜ ಮೆತ್ತೆಯ ಮೇಲೆ ಮಗ್ಗುಲು ಬದಲಿಸಿದ. "ಕಣ್ಣಿನ ವಿಚಾರ ಕಾನೂನಿನಲ್ಲಿ ಇಲ್ಲ ಮಗು. ಬಾಯಿ ಎಷ್ಟು?"

"ನನ್ನದೊಂದು."

"ಹಾಗಾದರೆ ಹರಟೆ."

"ತಾವೇ ಬಂದು ನೋಡಬಹುದಲ್ಲ ಬುದ್ಧೀ, ಇಲ್ಲೇ ಹತ್ತಿರ."

ರಾಜನ ಮುಖ ನೋಡಬೇಕಿತ್ತು! ಮಂತ್ರಿಗಳು ಎಲ್ಲರೂ ಒಟ್ಟಿಗೆ ಕಿವಿ ಮುಚ್ಚಿಕೊಂಡರು. ರಾಜನಿಗೆ "ಬಂದು ನೋಡಿ" ಅನ್ನುವುದೇ? ಎಂಥ ಕಾಲ ಬಂತು! ನಾಳೆ ಬೆಳಗ್ಗೆಯೇ ಬೇರಜ್ಜಿಯ ಗಡಿಪಾರು ಅಂತ ಅಪ್ಪಣೆಯಾಯಿತು.

ದ್ಯಾವಿ ಅಳುತ್ತ ಕೂಲಿಮಠಕ್ಕೆ ಬಂದಳು. ಐಗಳು ಒಳ್ಳೆಯವರೇ. ಏನಂದರೆ, ಅರಮನೆಯ ಅಕ್ಕಿ ತಿನ್ನುವ ಒಳ್ಳೆಯವರು. ಅವರು ಮೆಲ್ಲಗೆ ಅಂದರು: "ನಿನಗೆ ಮೂರು ಬಾಯಿ ಸಿಕ್ಕಿವೆ. ನೀನು ಪಾಸು. ಇನ್ನೇನು ಬೇಕು?"

"ಐಗಳೇ, ಮೂರು ಬಾಯಿ ಹೇಳಿದ್ದೆಲ್ಲ ಸತ್ಯವೇ?"

"ಕಾನೂನು ಹಾಗೆ ಹೇಳುತ್ತೆ."

"ಏನು ಹೇಳಿದರೂ?"

ಐಗಳು ಅವಳ ಮುಖ ನೋಡಿದರು. ಹುಡುಗಿ ಅಳು ನಿಲ್ಲಿಸಿದ್ದಳು. "ನಾನು ಏನೂ ಕೇಳಿಸಿಕೊಳ್ಳಲಿಲ್ಲ" ಅಂದು ಎದ್ದು ಹೋದರು.

ಬೆಳಗಾಯಿತು. ಬೇರಜ್ಜಿ ಕೈಯಲ್ಲಿ ಗಂಟು ಹಿಡಿದು ಆಸ್ಥಾನದಲ್ಲಿ ನಿಂತಿದ್ದಳು. ಪಾಪಯ್ಯ ಇನ್ನೂ ಬಂದಿರಲಿಲ್ಲ. ದೊಡ್ಡವರು ತಡವಾಗಿಯೇ ಬರಬೇಕಲ್ಲ! ಅಷ್ಟರಲ್ಲಿ ಕೂಲಿಮಠದ ಒಬ್ಬ ಹುಡುಗ ಓಡಿ ಬಂದ. "ಮಹಾಸ್ವಾಮಿ, ಸುದ್ದಿ ಪಾಪಯ್ಯ ಸತ್ತುಹೋದ!"

ರಾಜ ಒಂದು ಬೆರಳು ಮಡಿಚಿದ. "ಹರಟೆ."

ಇನ್ನೊಬ್ಬ ಬಂದ. "ಪಾಪಯ್ಯ ಸತ್ತುಹೋದ!"

ಎರಡನೆಯ ಬೆರಳು. "ಗಾಳಿಮಾತು."

ಮತ್ತೊಬ್ಬಳು ಬಂದಳು. "ಪಾಪಯ್ಯ ಸತ್ತುಹೋದ!"

ಮೂರನೆಯ ಬೆರಳು ಮಡಿಚಿ ರಾಜ ಕಣ್ಣೊರೆಸಿಕೊಂಡ. "ಅಯ್ಯೋ ಸತ್ಯ! ಚಟ್ಟ ಕಟ್ಟಿ, ಸೌದೆ ಒಟ್ಟಿ, ರಾಜಮರ್ಯಾದೆ ಆಗಲಿ."

ಮುನಿಯ ಡಂಗುರ ಹೊಡೆಯುತ್ತ ಓಡಿದ. ಪಂಡಿತರು ನಿಂತ ನಿಲುವಿನಲ್ಲೇ ಒಂದು ಚರಮಶ್ಲೋಕ ಕಟ್ಟಿದರು. ಕಮಲಾಜಮ್ಮ "ಊರೆಲ್ಲಾ ಹೇಳ್ತಿದೆ" ಅಂತ ಎದೆ ಬಡಿದುಕೊಂಡರು. ಚಟ್ಟ ಬಂತು, ಹಗ್ಗ ಬಂತು, ಹೊರಗೆ ಗಾಡಿಗಟ್ಟಲೆ ಸೌದೆಯೂ ಬಂತು. ಕೊನೆಗೆ ಎಲೆಅಡಿಕೆ ಜಗಿಯುತ್ತ ಪಾಪಯ್ಯನೂ ಬಂದ.

"ಯಾರು ಬುದ್ಧೀ ಸತ್ತೋರು?"

"ನೀನೇ ಕಣಪ್ಪಾ" ಅಂದ ರಾಜ, ಬಹಳ ಮರುಕದಿಂದ.

"ನಾನು ಬದುಕಿದ್ದೀನಿ!"

"ಎಷ್ಟು ಬಾಯಿ?"

"ನಂದೇ ಒಂದು!"

"ಒಂದು ಬಾಯಿ ಹರಟೆ. ಮೂರು ಬಾಯಿ ನೀನು ಸತ್ತೆ ಅಂದಿವೆ. ಹಟ ಮಾಡಬೇಡ ಪಾಪಯ್ಯ, ಮಲಗು."

"ಮಲಗಿಬಿಡಿ" ಅಂದರು ಪಂಡಿತರು. "ಶ್ಲೋಕ ಆಗಿಹೋಗಿದೆ. ಈಗ ಬದುಕಿದರೆ ಅದೆಲ್ಲ ದಂಡ."

ನಾಲ್ಕು ಜನ ಹಿಡಿದು ಚಟ್ಟಕ್ಕೆ ಹಗ್ಗ ಬಿಗಿದರು. ಪಾಪಯ್ಯ ಕಿರುಚಿಕೊಂಡ: "ಬುದ್ಧೀ, ಕೇಳಿ ಅವರನ್ನ! ನಾನು ಸತ್ತಿದ್ದು ಕಂಡೋರು ಯಾರು? ಅವರಿಗೆ ಯಾರು ಹೇಳಿದ್ದು? ಮೊದಲು ಅದನ್ನ ಕೇಳಿ!"

ರಾಜ ಆ ಪ್ರಶ್ನೆಯನ್ನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಹೊಸ ತಿಂಡಿ ರುಚಿ ನೋಡುವವನ ಹಾಗೆ ಬಾಯಿ ಚಪ್ಪರಿಸಿ, ಮಕ್ಕಳ ಕಡೆ ತಿರುಗಿದ. "ನೀವು ಕಂಡಿರಾ? ಯಾರು ಹೇಳಿದರು?"

"ಕಾಣಲಿಲ್ಲ. ದ್ಯಾವಿ ಹೇಳಿದಳು" ಅಂದ ಮೊದಲನೆಯವನು. "ದ್ಯಾವಿ ಹೇಳಿದಳು" ಅಂದ ಎರಡನೆಯವನು. "ದ್ಯಾವಿ ಹೇಳಿದಳು" ಅಂದಳು ಮೂರನೆಯವಳು.

ದ್ಯಾವಿ ಮುಂದೆ ಬಂದು ಕೈಮುಗಿದಳು. "ಹೌದು ಮಹಾಸ್ವಾಮಿ, ನಾನೇ ಹೇಳಿಕೊಟ್ಟೆ. ಸುಳ್ಳು. ಪಾಪಯ್ಯನವರು ಕೇಳಿದ ಪ್ರಶ್ನೆ ಮಾತ್ರ ಬಲು ಚೆನ್ನಾಗಿದೆ. ಬೇರಜ್ಜಿಯ ವಿಷಯಕ್ಕೂ ಒಂದು ಸಲ ಅದನ್ನೇ ಕೇಳಿಬಿಡಿ."

ರಾಜ ಕೇಳಿದ. ಮುನಿಯ "ಪಾಪಯ್ಯನೋರು" ಅಂದ. ಪಂಡಿತರು "ಪಾಪಯ್ಯನವರು" ಅಂತ ಗೊಣಗಿದರು. ಕಮಲಾಜಮ್ಮ ಅವರಿಬ್ಬರನ್ನೂ ತೋರಿಸಿ ಸೆರಗಲ್ಲಿ ಮುಖ ಮುಚ್ಚಿಕೊಂಡರು.

ಆಗ ನಡೆಯಬಾರದ್ದು ನಡೆಯಿತು. ರಾಜ ಎದ್ದ! ಅಂಟಿಕೊಂಡಿದ್ದ ಮೆತ್ತೆಯೂ ಅವನ ಜೊತೆಗೇ ಎದ್ದು ಬಂತಂತೆ. ಕಾಲುವೆಯ ದಂಡೆ ಹಿಡಿದು, ಏದುಸಿರು ಬಿಡುತ್ತ, ಆಲೆಮನೆಯ ತನಕ ನಡೆದ. ಮಡ್ಡಿಯಲ್ಲಿ ಮಂಡಿಯವರೆಗೆ ಹೂತ. ಮೂಗು ಮುಚ್ಚಿಕೊಂಡು, "ಸತ್ಯ ಇಷ್ಟು ನಾರುತ್ತದೆ ಅಂತ ನಮ್ಮ ತಾತ ಹೇಳಿರಲಿಲ್ಲ" ಅಂದ.

ಪಾಪಯ್ಯನಿಗೆ ಕಾಲುವೆಯನ್ನೂ ಕೆರೆಯನ್ನೂ ತನ್ನ ಕೈಯಾರೆ ಬಳಿದು ಶುಚಿ ಮಾಡುವ ಶಿಕ್ಷೆಯಾಯಿತು. ಅವನಿಗೆಂದು ತಂದ ಸೌದೆಯಲ್ಲಿ, ಕೆರೆ ತಿಳಿಯಾಗುವ ತನಕ, ಊರ ಮಕ್ಕಳಿಗೆ ಬಾವಿನೀರು ಕಾಯಿಸಿ ಕೊಟ್ಟರು. ಸುಳ್ಳು ಹೇಳಿದ್ದಕ್ಕೆ ಐಗಳು ದ್ಯಾವಿಯಿಂದಲೂ ಆ ಮೂವರು ಮಕ್ಕಳಿಂದಲೂ ಬಸ್ಕಿ ಹೊಡೆಸಿದರು. ಲಗೋರಿ ಆಡಿದವರಿಗೆ ಪರೀಕ್ಷೆಯೇ ಮತ್ತೆ ಶುರುವಾಯಿತು. ಈ ಸಲ ಬಾಯಿ ಎಣಿಸುವ ಹಾಗಿಲ್ಲ, ಕಂಡ ಕಣ್ಣು ಎಣಿಸಬೇಕು ಅಂತ ಹೊಸ ಕಾನೂನು.

ಊರಿನವರು ಬೇರಜ್ಜಿಯ ಗುಡಿಸಲ ಮುಂದೆ ಬಂದು ನಿಂತರು. "ಎಲ್ಲಾರೂ ಹೇಳಿದರು ಅಂತ ನಾವೂ ಅಂದ್ವಿ, ತಪ್ಪಾಯ್ತು ಅಜ್ಜಿ" ಅಂದರು. ಅಜ್ಜಿ ಗಂಟು ಬಿಚ್ಚಿ ಬೇರುಗಳನ್ನು ಒಂದೊಂದಾಗಿ ಗೂಡಿಗೆ ಸೇರಿಸುತ್ತಿದ್ದಳು. ದ್ಯಾವಿ ಮಾತ್ರ ಜಂಬದಿಂದ ಪಕ್ಕದಲ್ಲಿ ಕೂತಿದ್ದಳು. ಅಜ್ಜಿಯನ್ನು ಉಳಿಸಿದವಳು ತಾನಲ್ಲವೇ?

ಅಜ್ಜಿ ಅವಳ ತಲೆ ಸವರಿ ಕೇಳಿದಳು: "ನೀನು ಡಂಗುರದೋನ್ನ ಕೇಳಿದೆ. ಪಂಡಿತರನ್ನ ಕೇಳಿದೆ. ಆ ಅಮ್ಮನ್ನೂ ಕೇಳಿದೆ. ದಿನಾ ಆ ಕಾಲುವೆ ದಂಡೇಲಿ ಬೇರು ಕೀಳೋಳು ನಾನು. ಮಡ್ಡಿ ನೀರಿಗೆ ಬಿದ್ದ ದಿನಾನೇ ಕಂಡಿದ್ದೆ. ನನ್ನನ್ನ ಮಾತ್ರ ಯಾರೂ ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲವಲ್ಲ ಮಗಾ?"

ದ್ಯಾವಿ ತಲೆ ತಗ್ಗಿಸಿದಳು. ಅವಳ ಜಂಬವೆಲ್ಲ ಜರ್ರನೆ ಇಳಿಯಿತು.

ಇದರ ನೀತಿ ಏನು ಅಂತ ಬಿಡಿಸಿ ಹೇಳಬೇಕಾ? ಹೇಳುತ್ತೇನೆ, ಯಾಕಂದರೆ ಶಾಲೆಯ ಪ್ರಾಜೆಕ್ಟಿಗೆ ಹತ್ತು ಕಡೆ ಹುಡುಕಿ, ಹತ್ತೂ ಕಡೆ ಒಂದೇ ಸಾಲು ಸಿಕ್ಕಿತು ಅಂತ ಕುಣಿಯುವ ಪಂಡಿತರು ಇಲ್ಲೂ ಇದ್ದಾರೆ. ಹತ್ತು ಬಾಯಿ ಹೇಳಿದ ಮಾತ್ರಕ್ಕೆ ಸುಳ್ಳು ಸತ್ಯವಾಗುವುದಿಲ್ಲ. ಮೊದಲು ಹೇಳಿದವರು ಯಾರು, ಕಂಡವರು ಯಾರು, ಹೇಳಿದ್ದರಿಂದ ಯಾರಿಗೆ ಲಾಭ ಅಂತ ಕೇಳಿ. ಆಗುವುದಾದರೆ ನೀವೇ ಹೋಗಿ ನೋಡಿ. ಯಾರ ವಿಷಯ ಬರೆಯುತ್ತೀರೋ, ಅವರ ಬಾಗಿಲನ್ನು ಎಲ್ಲಕ್ಕಿಂತ ಮೊದಲು ತಟ್ಟಿ.