ಬಳೆಗಾರನ ಬಾಯಿ

"ಗುರುಗಳೇ, ಶಿವರಾತ್ರಿಯ ಉಪವಾಸದ ದಿನ ಭಜನೆಯ ಸಾಲಿನಲ್ಲಿ ಕೂತು ಬಾಯಾಡಿಸುವವನನ್ನು ಎಬ್ಬಿಸಿ ಕಳಿಸಿದ್ದು ತಪ್ಪೇ?" ಎಂದು ಶಿಷ್ಯ ರೇವಯ್ಯ ಕೇಳಿದ. "ಅರಳಿಕಟ್ಟೆಯ ಮೇಲೆ ಬಸ್ಸಿಗೆ ಕಾಯುತ್ತಾ ಕೂತಿದ್ದಾನೆ."

"ಏನು ತಿನ್ನುತ್ತಿದ್ದ?"

"ಅದು ಕಾಣಲಿಲ್ಲ. ಅಗಿಯುತ್ತಲೇ ಇದ್ದ."

"ಭಲೇ, ಮಹಾರಾಯ!" ಗುರುಗಳು ಕಿಟಕಿಯಿಂದ ಅರಳಿಕಟ್ಟೆಯತ್ತ ನೋಡಿದರು. "ಬಸ್ಸಿಗೆ ಇನ್ನೂ ಹೊತ್ತಿದೆ. ಕೂತು ಕೇಳು.

"ಒಬ್ಬ ಬಳೆಗಾರನಿದ್ದ. ಯಾರಿಗೂ ಕೇಳದ ದನಿಗಳು ಅವನಿಗೆ ಕೇಳುತ್ತಿದ್ದವು. 'ಬಳೆಗಳನ್ನು ಬಾವಿಗೆ ಹಾಕು, ನೀನೂ ಹಾರು' ಎನ್ನುತ್ತಿದ್ದವು. ಹೆಂಡತಿ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ವೈದ್ಯರ ಮಾತ್ರೆಯಿಂದ ದನಿಗಳು ಅಡಗಿದವು. ಅವನು ಮತ್ತೆ ಬಳೆಯ ಮಲಾರ ಹೆಗಲಿಗೇರಿಸಿ ಊರೂರು ತಿರುಗಿದ.

"ಬಹಳ ವರ್ಷ ಅದೇ ಮಾತ್ರೆ ನುಂಗಿದ್ದಕ್ಕೆ ಅವನ ಬಾಯಿ ತಾನಾಗಿಯೇ ಆಡತೊಡಗಿತು. ತುಟಿ ಚಪ್ಪರಿಸುತ್ತಿತ್ತು, ದವಡೆ ಅಗಿಯುತ್ತಿತ್ತು, ನಾಲಗೆ ಹೊರಗೆ ಬರುತ್ತಿತ್ತು. ತಡೆದರೆ ಒಂದು ಗಳಿಗೆ ನಿಂತು ಮತ್ತೆ ಶುರು. ಬಳೆಗಾರನೆಂದರೆ ಹೆಂಗಸರ ಕೈ ಹಿಡಿಯುವವನು. ಕೈ ಹಿಡಿದು ನಾಲಗೆ ಚಾಚಿದರೆ ಯಾರು ಸಹಿಸುತ್ತಾರೆ ಹೇಳು? 'ಥೂ, ಈ ವಯಸ್ಸಿನಲ್ಲಿ ಇದೇನು ಚೇಷ್ಟೆ!' ಎಂದು ಒಬ್ಬಳು ಕೈ ಕಿತ್ತುಕೊಂಡಳು. ಬೀದಿಯ ಬಾಗಿಲುಗಳೆಲ್ಲ ಮುಚ್ಚಿದವು.

"ವೈದ್ಯರಿಗೆ ಹೇಳಿಕೊಳ್ಳಲೂ ಅವನಿಗೆ ನಾಚಿಕೆ. ಮನೆಗೆ ಬಂದವನೇ ಮಾತ್ರೆಗಳನ್ನು ಹಿತ್ತಿಲಿಗೆ ಬಿಸಾಡಿದ. ಬಾಯಿ ನಿಲ್ಲಲಿಲ್ಲ. ದನಿಗಳು ತಿರುಗಿ ಬಂದವು. ಹೆಂಡತಿ ಓಡಿ ಬಂದು ಬಾವಿಯ ಕಟ್ಟೆಯಿಂದ ಅವನನ್ನು ಎಳೆದುಕೊಂಡಳು. ಬಳೆಗಳು ಆಗಲೇ ನೀರು ಸೇರಿದ್ದವು.

"ವೈದ್ಯರು ಬೇರೆ ಮಾತ್ರೆ ಕೊಟ್ಟರು. ತಲೆ ಶಾಂತವಾಯಿತು. ಬಾಯಿ ಕೊಂಚ ತಗ್ಗಿತು, ಪೂರ್ತಿ ನಿಲ್ಲಲಿಲ್ಲ. ನಿಲ್ಲದೆಯೂ ಇರಬಹುದು ಎಂದರು ವೈದ್ಯರು. ಅವನು ಹೊಸ ಮಲಾರ ಹೊತ್ತು ಹೊರಟ. ಯಾರೂ ಕರೆಯಲಿಲ್ಲ. ಕೊನೆಗೆ ಒಬ್ಬ ಮುತ್ತೈದೆ ಜಗಲಿಯಿಂದ ಕೂಗಿ ಕೈ ಚಾಚಿದಳು.

"'ಅವ್ವಾ, ನನ್ನ ಬಾಯಿ...' ಎಂದ.

"'ಬಾಯಿ ಆಡಿದರೆ ಆಡಲಿ ಬಿಡಪ್ಪಾ, ಕೈ ಗಟ್ಟಿಯಾಗಿದೆಯಲ್ಲ. ತೊಡಿಸು.'

"ತೊಡಿಸಿದ. ಒಂದು ಬಳೆಯೂ ಒಡೆಯಲಿಲ್ಲ. ಅವಳ ಕೈ ಬಿಟ್ಟ ಮೇಲೆ ಅಲ್ಲೇ ಕೂತು ಅತ್ತ. ಅದನ್ನು ನೋಡಿ ಪಕ್ಕದ ಮನೆಯವಳೂ ಬಾಗಿಲು ತೆರೆದಳು."

ರೇವಯ್ಯನ ಕಣ್ಣು ತೇವವಾಗಿತ್ತು. "ಪಾಪ! ಅವನು ಈಗ ಎಲ್ಲಿದ್ದಾನೆ, ಗುರುಗಳೇ?"

"ಅರಳಿಕಟ್ಟೆಯ ಮೇಲೆ ಕಣೋ, ಮನೆ ಮುಟ್ಟಿದರೆ ಮತ್ತೆ ಮಾತ್ರೆ ಬಿಸಾಡುತ್ತಾನೆ, ಬಸ್ಸು ಬರುವ ಮೊದಲು ಓಡು."